ಗೌರಿಯ ಉಯ್ಯಾಲೆಯನ್ನು ಬರೆದಿಟ್ಟವನು

ಬೇರೆಬೇರೆ ಧರ್ಮಗಳನ್ನು ಪಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡುವ ಶಾಸ್ತ್ರ ಯೂರೋಪಿನಲ್ಲಿ ಹುಟ್ಟಿತು ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. 1870ರಲ್ಲಿ ಮ್ಯಾಕ್ಸ್ ಮುಲ್ಲರ್ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಿಂದ ಅದರ ಲೆಕ್ಕ ಶುರು. ಸಾಯಣಭಾಷ್ಯದೊಡನೆ ಋಗ್ವೇದವನ್ನು ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿ, ತನ್ನ ಹೆಸರನ್ನೂ 'ಮೋಕ್ಷಮೂಲರ' ಎಂದು ಸಂಸ್ಕೃತಕ್ಕೆ ತಿರುಗಿಸಿಕೊಂಡ ಆ ಜರ್ಮನ್ ಪಂಡಿತನ ಮೇಲೆ ನಮ್ಮವರಿಗೆ ಬಹಳ ಅಭಿಮಾನ. ನನಗೂ ಇದೆ. ಆದರೆ ಆತನಿಗಿಂತ ಎಂಟುನೂರು ವರ್ಷಗಳಿಗೂ ಹಿಂದೆ ಅರಬಿ ಭಾಷೆಯಲ್ಲಿ ಈ ಕೆಲಸಕ್ಕೆ ಕೈಹಾಕಿದವನೊಬ್ಬನಿದ್ದ, ಅಲ್‌ಬಿರೂನಿ. ಆ ಪಾಠದಲ್ಲಿ ಅವನ ಹೆಸರೇ ಇರಲಿಲ್ಲ.

ಅಲ್‌ಬಿರೂನಿ ಹುಟ್ಟಿದ್ದು 973ರಲ್ಲಿ, ಮಧ್ಯ ಏಷ್ಯಾದ ಖ್ವಾರಜಮ್ ಸೀಮೆಯಲ್ಲಿ. 1017ರಲ್ಲಿ ಘಜ್ನಿಯ ಮಹಮೂದ್ ಆ ಸೀಮೆಯನ್ನು ಗೆದ್ದಾಗ ಇವನನ್ನೂ ಘಜ್ನಿಗೆ ಕರೆದೊಯ್ದ. ಯಾರ ದಂಡು ಉತ್ತರದ ದೇವಾಲಯಗಳನ್ನು ಸೂರೆ ಮಾಡಿತೋ ಆ ದೊರೆಯ ನೆರಳಲ್ಲೇ ಕೂತು ಈತ ಸಂಸ್ಕೃತ ಕಲಿತ, ಪತಂಜಲಿಯನ್ನು ಅರಬಿಗೆ ತಂದ, 1030ರ ಹೊತ್ತಿಗೆ ಹಿಂದೂಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ಮಹಮೂದನ ದಾಳಿಗಳಿಂದ ನಾಡು ಹಾಳಾಯಿತು, ವಿದ್ಯೆಗಳೆಲ್ಲ ಕಾಶ್ಮೀರ, ಕಾಶಿಗಳ ಕಡೆಗೆ ಸರಿದುಹೋದವು ಎಂದು ಅದರಲ್ಲೇ ದಾಖಲಿಸಿದ. ಹಿಂದೂಗಳಿಗೆ ಜಂಬ ಹೆಚ್ಚು ಎಂದು ಗೊಣಗುತ್ತಾನೆ ಕೂಡ, ಇರಲಿ. ತನ್ನ ಧರ್ಮದಲ್ಲಿ ಅವನ ನಂಬಿಕೆ ಗಟ್ಟಿ. ಆದರೂ ವಾದ ಮಾಡಿ ಸೋಲಿಸಲು ತಾನು ಬರೆಯುತ್ತಿಲ್ಲ, ಅವರು ಹೇಳುವುದನ್ನು ಹೇಳಿದಂತೆ ಇಡುತ್ತೇನೆ ಎಂಬುದು ಅವನ ಪಣ.

ವಿಗ್ರಹಗಳ ಅಧ್ಯಾಯ ನನಗೆ ಬಲು ಇಷ್ಟ. ಜನ ಮೂರ್ತಿಗೆ ಯಾಕೆ ಕೈಮುಗಿಯುತ್ತಾರೆ ಎಂದು ತಿಳಿಸಲು ಅವನು ತನ್ನವರನ್ನೇ ಕರೆತರುತ್ತಾನೆ. ಓದುಬರಹ ತಿಳಿಯದ ಒಬ್ಬ ಮುಸಲ್ಮಾನನಿಗೋ ಹೆಂಗಸಿಗೋ ಪ್ರವಾದಿಯ ಇಲ್ಲವೆ ಕಾಬಾದ ಚಿತ್ರ ತೋರಿಸಿದರೆ, ಎದುರಿಗೇ ಕಂಡಷ್ಟು ಸಂತೋಷದಿಂದ ಅದಕ್ಕೆ ಮುತ್ತಿಡುತ್ತಾರೆ, ಕೆನ್ನೆ ಒತ್ತುತ್ತಾರೆ ಎನ್ನುತ್ತಾನೆ.

ಮುಲ್ಲರ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆತನ ಹಾದಿ ಪುಸ್ತಕದ್ದು. ಪೂರ್ವದೇಶಗಳ ಪವಿತ್ರ ಗ್ರಂಥಗಳೆಂದು 1879ರಿಂದ 1910ರವರೆಗೆ ಹೊರಬಂದ 50 ಸಂಪುಟಗಳಲ್ಲಿ ವೇದವಿದೆ, ಕುರಾನ್ ಇದೆ, ಬೈಬಲ್ ಇಲ್ಲ. ಕ್ರೈಸ್ತಮತವನ್ನೂ ಹೋಲಿಕೆಗೆ ತರಬೇಕು ಎಂದವನು ಮುಲ್ಲರನೇ! ನಮ್ಮ ಮದುವೆ, ಸೀಮಂತಗಳ ವಿಧಿ ಹೇಳುವ ಗೃಹ್ಯಸೂತ್ರಗಳೂ ಅಲ್ಲಿವೆ, ಆದರೆ ಅವು ಮಂತ್ರ ಹೇಳುವವರ ಕಡೆಯಿಂದ. ಬರವಣಿಗೆಗೆ ಇಳಿಯದೆ ಅಡುಗೆಮನೆ, ಹಿತ್ತಲುಗಳಲ್ಲಿ ಅತ್ತೆಯಿಂದ ಸೊಸೆಗೆ ಬಂದದ್ದು ಆ ಕಪಾಟಿಗೆ ಹೋಗುವುದಾದರೂ ಹೇಗೆ?

ಅಲ್‌ಬಿರೂನಿಯೂ ಹೆಚ್ಚಾಗಿ ನೆಚ್ಚಿದ್ದು ಪಂಡಿತರನ್ನೇ, ಗ್ರಂಥಗಳನ್ನೇ. ಆದರೂ ಹಬ್ಬಗಳ ಅಧ್ಯಾಯದಲ್ಲಿ ವೈಶಾಖದ ತದಿಗೆ ಬರುತ್ತದೆ. ಅಂದು ಹೆಂಗಸರು ಮಿಂದು, ಚೆನ್ನಾಗಿ ಉಟ್ಟು, ಗೌರಿಗೆ ದೀಪ ಹಚ್ಚಿ, ಉಪವಾಸವಿದ್ದು ಉಯ್ಯಾಲೆ ಆಡುತ್ತಾರೆ, ಮರುದಿನ ದಾನ ಕೊಟ್ಟು ಊಟ ಮಾಡುತ್ತಾರೆ ಎಂದು ಬರೆದಿದ್ದಾನೆ. ನಮ್ಮಲ್ಲಿ ಅದು ಅಕ್ಷಯ ತದಿಗೆ; ಚೈತ್ರಗೌರಿಯನ್ನು ಕೂರಿಸಿದವರ ಮನೆಯಲ್ಲಿ ಅರಿಸಿನ ಕುಂಕುಮ, ಕೋಸಂಬರಿ, ಪಾನಕಗಳು ಮುಗಿಯುವ ದಿನ. ಅವನು ಕಂಡದ್ದು ಉತ್ತರದ ಸೀಮೆ. ನಮ್ಮ ಕಡೆಗೆ ಬಂದವನಲ್ಲ. ಉಯ್ಯಾಲೆಯ ಮೇಲೆ ಕೂತ ಆ ಹೆಂಗಸರು ಏನು ಹಾಡಿಕೊಂಡರು ಎಂಬುದನ್ನು ಮಾತ್ರ ಬರೆದಿಲ್ಲ.