ಬಸವಿ ಬಿಟ್ಟ ಸೀಮೆಯಲ್ಲಿ ಹಕ್ಕಿನ ಮಾತು

ಬಳ್ಳಾರಿ ಸೀಮೆಯ ಹಳಬರ ಬಾಯಲ್ಲಿ ‘ದೇವದಾಸಿ’ ಎಂಬ ಮಾತು ಕಡಿಮೆ. ‘ಬಸವಿ ಬಿಟ್ಟರು’, ‘ಮುತ್ತು ಕಟ್ಟಿದರು’ ಎನ್ನುತ್ತಾರೆ. ಕೆಂಪು-ಬಿಳಿ ಮಣಿಗಳ ಸರವೊಂದು ಕೊರಳಿಗೆ ಬಿದ್ದರೆ ಮುಗಿಯಿತು, ಆ ಹುಡುಗಿಗೆ ಮದುವೆಯಿಲ್ಲ. 1890ರ ದಶಕದಲ್ಲೇ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಇಲ್ಲಿನ ಬಸವಿಯರ ಬಗ್ಗೆ ಬರೆದಿದ್ದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಬಸವಿಯಾದವಳು ಮಗನಂತೆ ಆಸ್ತಿಗೆ ವಾರಸುದಾರಳಾಗುತ್ತಿದ್ದಳು. ಆಸ್ತಿಯೇ ಇಲ್ಲದ ದಲಿತ ಕೇರಿಯ ಹುಡುಗಿಗೆ ದಕ್ಕಿದ್ದು ಆ ಸರ ಮಾತ್ರ.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಸಿರುಗುಪ್ಪ, ಕುರುಗೋಡಿನ ಹೆಣ್ಣುಮಕ್ಕಳ ಪರವಾದ ದೊಡ್ಡ ಭಾಷಣ ಕೇಳಿಬಂದದ್ದೂ ಮದ್ರಾಸಿನಲ್ಲೇ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅಲ್ಲಿನ ವಿಧಾನ ಪರಿಷತ್ತಿನಲ್ಲಿ ಈ ಪದ್ಧತಿ ನಿಲ್ಲಬೇಕೆಂದು ನಿರ್ಣಯ ಮಂಡಿಸಿದರು. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಮನೆಯ ಸಂಕಟವನ್ನೇ ಅವರು ಸದನಕ್ಕೆ ಒಯ್ದಿದ್ದರು. ಎಸ್. ಸತ್ಯಮೂರ್ತಿಯಂಥ ವಾಗ್ಮಿ ಸಂಪ್ರದಾಯದ ಪರ ನಿಂತರು. ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ಬಂದ 1929ರ ತಿದ್ದುಪಡಿ, ದೇವಾಲಯ ಸೇವೆಯ ಕಟ್ಟಿಲ್ಲದೆ ಇನಾಂ ಭೂಮಿಯನ್ನು ದೇವದಾಸಿಯರಿಗೇ ಉಳಿಸಿತು. ಮುತ್ತು ಕಟ್ಟುವುದನ್ನೇ ನಿಷೇಧಿಸುವ ಕಾಯ್ದೆ ಬಂದದ್ದು 1947ರಲ್ಲಿ.

ಅಮೆರಿಕದಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಟ್ಟೇಳಲು ಒಪ್ಪದೆ ಕೂತದ್ದು ಇದಾದ ಎಂಟು ವರ್ಷಕ್ಕೆ. ಅಲ್ಲಿ ಬೀದಿಯಲ್ಲಿ ಜನ ಎದ್ದರು, 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾತಾಡಿದರು, 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ನಮ್ಮಲ್ಲಿ ಕಾಯ್ದೆ ಮೊದಲು ಬಂತು. ಕೇರಿಯಲ್ಲಿ ಮುತ್ತು ಕಟ್ಟುವುದು ನಿಲ್ಲಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಇಪ್ಪತ್ತು ವರ್ಷದ ನಂತರ ಮೈಸೂರಿನಲ್ಲಿ ದಲಿತ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ರಾಜ್ಯವೇ ಹೊತ್ತಿಕೊಂಡಿತು, ಅವರ ಸಚಿವಗಿರಿ ಹೋಯಿತು. ಆ ಕಿಚ್ಚಿನಲ್ಲಿ, ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು; ದೇವರ ಹೆಸರಿನಲ್ಲಿ ನಡೆಯುವ ಶೋಷಣೆಯನ್ನು ಕೇರಿಯ ಯುವಕರೇ ಪ್ರಶ್ನಿಸತೊಡಗಿದರು. 1982ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. ಆದರೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು.

ಕುರುಗೋಡು ಭಾಗದ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ, ಮುತ್ತು ಕಟ್ಟಿಸಿಕೊಂಡ ಲೋಕದಿಂದಲೇ ಬಂದ ಟ್ರಾನ್ಸ್‌ಜೆಂಡರ್ ಕಲಾವಿದೆ. 2021ರಲ್ಲಿ ಪದ್ಮಶ್ರೀ ಪಡೆಯುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಮೈಕು ಬೇಕಾಗದ ಆ ಕ್ಷಣವನ್ನು ನಾನು ಭಾಷಣಗಳ ಸಾಲಿನಲ್ಲೇ ಇಡುತ್ತೇನೆ.

ಇನ್ನೊಂದು ತಿರುವು ನನಗೆ ಅದಕ್ಕಿಂತ ದೊಡ್ಡದು. ದೇವದಾಸಿಯರ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾನೆ ಬಂದ ಕೂಡಲೇ ತಾಯಿ ತಲೆ ತಗ್ಗಿಸಬೇಕಿತ್ತು. ಅಜ್ಜನದೋ ಸೋದರಮಾವನದೋ ಹೆಸರು ಬರೆಸಬೇಕಿತ್ತು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ, ಈ ಮಕ್ಕಳು ತಂದೆಯ ಹೆಸರು ಹೇಳಲೇಬೇಕಿಲ್ಲ ಎನ್ನುತ್ತದೆ. ಜೂನ್‌ನಲ್ಲಿ ದಾಖಲಾತಿ ಶುರುವಾಗುವ ಮೊದಲು ಸಿರುಗುಪ್ಪ, ಕುರುಗೋಡಿನ ಪ್ರತಿ ಹೆಡ್‌ಮಾಸ್ತರರಿಗೂ ಈ ಮಾತು ಮುಟ್ಟಬೇಕು.