ರೀಜಿಸ್ ಹೈಸ್ಕೂಲು: ಹೆಸರು ಹೇಳದ ದಾನಿ, ಶುಲ್ಕ ಕೇಳದ ಶಾಲೆ

ಅಮೇರಿಕದ ನ್ಯೂಯಾರ್ಕ್ ಮಹಾನಗರದ ಮ್ಯಾನ್‌ಹಟನ್ ಭಾಗದಲ್ಲಿ, ಪಾರ್ಕ್ ಅವೆನ್ಯೂ ಮತ್ತು ಮ್ಯಾಡಿಸನ್ ಅವೆನ್ಯೂಗಳ ನಡುವಣ 84ನೆಯ ಬೀದಿಯಲ್ಲಿ ರೀಜಿಸ್ ಹೈಸ್ಕೂಲು ಎಂಬ ಕೆಥೋಲಿಕ್ ಬಾಲಕರ ಪ್ರೌಢಶಾಲೆಯಿದೆ. 1914ರಲ್ಲಿ ಪ್ರಾರಂಭಗೊಂಡ ಈ ಸಂಸ್ಥೆಯಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಸುಮಾರು 530 ವಿದ್ಯಾರ್ಥಿಗಳು ಕಲಿಯುತ್ತಾರೆ. ಅಮೇರಿಕದಲ್ಲೇ ಅತಿ ಶ್ರೀಮಂತ ವಸತಿ ಪ್ರದೇಶಗಳಲ್ಲಿ ಒಂದೆನಿಸಿದ ಈ ಬಡಾವಣೆಯಲ್ಲಿ, ನೂರಕ್ಕೂ ಮಿಕ್ಕಿದ ವರ್ಷಗಳಿಂದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕವನ್ನು ಪಡೆಯದೆ ಒಂದು ಶಾಲೆ ನಡೆದುಬಂದಿದೆ ಎಂಬುದೇ ಇದರ ವೈಶಿಷ್ಟ್ಯ. ಇದು ಹೇಗೆ ಸಾಧ್ಯವಾಯಿತು, ಶುಲ್ಕವಿಲ್ಲ ಎಂದ ಮಾತ್ರಕ್ಕೆ ಬಡವರ ಮಕ್ಕಳಿಗೆ ಬಾಗಿಲು ತೆರೆಯಿತೇ ಎಂಬ ಎರಡು ಪ್ರಶ್ನೆಗಳನ್ನು ಮುಂದಿರಿಸಿಕೊಂಡು ಈ ಶಾಲೆಯ ಪರಿಚಯ ಮಾಡಿಕೊಳ್ಳೋಣ.

ಕಾಲೇಜಿಗೆ ಅಣಿಗೊಳಿಸುವ ಶಾಲೆ

ಅಮೇರಿಕದಲ್ಲಿ ಪ್ರೌಢಶಾಲೆ ನಾಲ್ಕು ವರ್ಷಗಳದು. ಹನ್ನೆರಡನೆಯ ತರಗತಿ ಮುಗಿಸಿದವರು ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಸಲ್ಲಿಸುತ್ತಾರೆ. ನಮ್ಮ ಪಿ.ಯು.ಸಿ.ಯಂತಹ ಪ್ರತ್ಯೇಕ ಮೆಟ್ಟಿಲು ಅಲ್ಲಿಲ್ಲ. ತನ್ನಲ್ಲಿಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಉನ್ನತ ಶಿಕ್ಷಣಕ್ಕೆ ಹೋಗಬೇಕೆಂಬ ಗುರಿಯಿಟ್ಟು ಪಾಠಕ್ರಮವನ್ನು ರೂಪಿಸುವ ಶಾಲೆಗಳನ್ನು ಅಲ್ಲಿ ಕಾಲೇಜು ಪ್ರಿಪರೇಟರಿ ಶಾಲೆಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಖಾಸಗಿಯಾದವು ಬಹುಮಟ್ಟಿಗೆ ದುಬಾರಿ. ರೀಜಿಸ್ ಅಂತಹ ಶಾಲೆಯೇ ಆದರೂ ಹಣದ ಲೆಕ್ಕದಲ್ಲಿ ಆ ಸಾಲಿಗೆ ಸೇರದು.

ಶಾಲೆಯನ್ನು ನಡೆಸುವವರು ಜೆಸ್ವಿಟ್ ಎಂದು ಪ್ರಸಿದ್ಧರಾದ ಯೇಸು ಸಭೆಯ ಗುರುಗಳು. ಈ ಹೆಸರು ನಮ್ಮ ಓದುಗರಿಗೆ ಹೊಸತಲ್ಲ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು (1869) ಹಾಗೂ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು (1880) ಇದೇ ಸಭೆಯವರು ಸ್ಥಾಪಿಸಿದ ವಿದ್ಯಾಸಂಸ್ಥೆಗಳು. ಸಂತ ಇಗ್ನೇಷಿಯಸ್ ಲೊಯೋಲಾ ಅವರ ನೇತೃತ್ವದ ಈ ಸಭೆಗೆ ಪೋಪರ ಮನ್ನಣೆ ದೊರೆತದ್ದು 1540ರಲ್ಲಿ. ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ 1548ರಲ್ಲಿ ಶಾಲೆ ತೆರೆದ ಜೆಸ್ವಿಟರು, 1599ರಲ್ಲಿ ತಮ್ಮ ಶಾಲೆಗಳಿಗೆಲ್ಲ ಅನ್ವಯಿಸುವ ಶಿಕ್ಷಣ ನಿಯಮಾವಳಿಯನ್ನು ಪ್ರಕಟಿಸಿದರು. ಆ ಮೊದಲ ಶಾಲೆಗಳಲ್ಲಿ ಶುಲ್ಕವಿರಲಿಲ್ಲ. ಅರಸರು ಮತ್ತು ಧನಿಕರು ಕೊಟ್ಟ ಮೂಲನಿಧಿಯ ಉತ್ಪನ್ನದಿಂದಲೇ ಅವು ನಡೆಯಬೇಕೆಂಬುದು ಸಭೆಯ ಕಟ್ಟಳೆ. ಅಂತಹ ದಾನಿಗಳಿಲ್ಲದ ಅಮೇರಿಕದಲ್ಲಿ ಈ ಕಟ್ಟಳೆಯನ್ನು ಪಾಲಿಸುವುದು ಅಸಾಧ್ಯವಾದಾಗ, 1833ರಲ್ಲಿ ಅಲ್ಲಿನ ಜೆಸ್ವಿಟ್ ಶಾಲೆಗಳಿಗೆ ಶುಲ್ಕ ಪಡೆಯುವ ವಿನಾಯಿತಿ ದೊರೆಯಿತು. ಹೀಗಾಗಿ 1914ರಲ್ಲಿ ರೀಜಿಸ್ ಮಾಡಿದ್ದು ಹೊಸ ಪ್ರಯೋಗವಲ್ಲ; ಹಳೆಯ ನಿಯಮಕ್ಕೆ ಮರಳಿದ್ದು ಎನ್ನಬೇಕು.

ಹೆಸರು ಹೇಳದ ದಾನಿ

1889ರಿಂದ 1892ರವರೆಗೆ ನ್ಯೂಯಾರ್ಕಿನ ಮೇಯರ್ ಆಗಿದ್ದ ಹ್ಯೂ ಗ್ರಾಂಟ್ 1910ರಲ್ಲಿ ತೀರಿಕೊಂಡರು. ಅವರ ಪತ್ನಿ ಜೂಲಿಯಾ ಗ್ರಾಂಟ್ ತಮ್ಮ ಸಂಪತ್ತಿನ ದೊಡ್ಡ ಭಾಗವನ್ನು ಒಂದು ಶಾಲೆಗಾಗಿ ಕೊಡಲು ಮುಂದಾದರು. ಪಾರ್ಕ್ ಅವೆನ್ಯೂವಿನ ಸಂತ ಇಗ್ನೇಷಿಯಸ್ ಲೊಯೋಲಾ ಇಗರ್ಜಿಯ ಧರ್ಮಗುರು, ಜೆಸ್ವಿಟ್ ಫಾದರ್ ಡೇವಿಡ್ ಹರ್ನ್ ಈ ಕಾರ್ಯವನ್ನು ಕೈಗೆತ್ತಿಕೊಂಡರು. ದಾನಿಯ ಅಪೇಕ್ಷೆಗಳು ಸ್ಪಷ್ಟವಾಗಿದ್ದವು. ಶಾಲೆ ಕೆಥೋಲಿಕ್ ಬಾಲಕರಿಗೆ ಮೀಸಲಾಗಿರಬೇಕು. ಇಂತಹ ಶಿಕ್ಷಣದ ವೆಚ್ಚವನ್ನು ಭರಿಸಲಾರದ ಕುಟುಂಬಗಳ ಮಕ್ಕಳನ್ನು ವಿಶೇಷವಾಗಿ ಪರಿಗಣಿಸಬೇಕು. ತಮ್ಮ ಹೆಸರು ಹೊರಬೀಳಬಾರದು. ದಶಕಗಳ ಕಾಲ ಶಾಲೆಯಲ್ಲಿ ಆಕೆಯನ್ನು 'ಸ್ಥಾಪಕಿ' ಎಂದಷ್ಟೇ ಕರೆಯಲಾಗುತ್ತಿತ್ತು. ಕಟ್ಟಡಕ್ಕೆ ಆಕೆಯ ಹೆಸರನ್ನಾಗಲೀ ಆಕೆಯ ಪತಿಯ ಹೆಸರನ್ನಾಗಲೀ ಇಡದೆ, 17ನೆಯ ಶತಮಾನದ ಫ್ರೆಂಚ್ ಜೆಸ್ವಿಟ್ ಸಂತ ಜಾನ್ ಫ್ರಾನ್ಸಿಸ್ ರೀಜಿಸರ ಹೆಸರನ್ನು ಇಡಲಾಯಿತು.

ಅದೇ ಇಗರ್ಜಿಯ ಮಗ್ಗುಲಲ್ಲಿ 1900ರಲ್ಲೇ ಜೆಸ್ವಿಟರು ಸ್ಥಾಪಿಸಿದ ಲೊಯೋಲಾ ಶಾಲೆಯಿದೆ. ಅದು ಶುಲ್ಕ ಪಡೆಯುವ ಶಾಲೆ. ಒಂದೇ ಸಭೆಯ ಎರಡು ಶಾಲೆಗಳು, ಒಂದು ಸ್ಥಿತಿವಂತರ ಮಕ್ಕಳನ್ನು ಉದ್ದೇಶಿಸಿ, ಇನ್ನೊಂದು ಶುಲ್ಕ ತೆರಲಾರದವರನ್ನು ಉದ್ದೇಶಿಸಿ, ಒಂದು ಬೀದಿಯ ಅಂತರದಲ್ಲಿ ಇಂದಿಗೂ ನಡೆಯುತ್ತಿರುವುದು ಗಮನಾರ್ಹ.

ಬ್ಯಾಂಕಿನಲ್ಲಿ ದುಡಿಯುವ ನಮ್ಮಂತಹವರಿಗೆ ತಿಳಿದಿರುವಂತೆ, ಮೂಲನಿಧಿ ಎಷ್ಟೇ ದೊಡ್ಡದಿದ್ದರೂ ಬೆಲೆಯೇರಿಕೆಯ ಮುಂದೆ ಅದು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಒಂದು ಮನೆತನದ ದಾನದಿಂದಲೇ ಶಾಲೆ ಶತಮಾನ ದಾಟಲಿಲ್ಲ. ಗ್ರಾಂಟ್ ಕುಟುಂಬದ ನೆರವಿನ ಜೊತೆಗೆ ಹಳೆಯ ವಿದ್ಯಾರ್ಥಿಗಳ ವಾರ್ಷಿಕ ಕಾಣಿಕೆ ಇಂದು ಈ ಶಾಲೆಯ ಬೆನ್ನೆಲುಬಾಗಿದೆ. ಹೆತ್ತವರೂ ಮನಸ್ಸಿದ್ದರೆ ಕೊಡಬಹುದು. ಕೊಡದಿದ್ದರೆ ಮಗನ ವ್ಯಾಸಂಗಕ್ಕೆ ಅಡ್ಡಿಯಿಲ್ಲ. ತಾನು ಪಡೆದುದನ್ನು ತನ್ನ ಹಿಂದೆ ಬರುವವನಿಗೆ ತಲುಪಿಸುವ ಋಣಭಾವವೇ ಇಲ್ಲಿನ ನಿಜವಾದ ಠೇವಣಿ.

ವಿದ್ಯಾರ್ಥಿ ಜೀವನ

ಪ್ರವೇಶ ಸುಲಭವಲ್ಲ. ಎಂಟನೆಯ ತರಗತಿಯಲ್ಲಿರುವ, ಜ್ಞಾನಸ್ನಾನ ಪಡೆದ ಕೆಥೋಲಿಕ್ ಬಾಲಕರು ಮೊದಲು ಲಿಖಿತ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಅದರಲ್ಲಿ ಮೇಲುಗೈ ಸಾಧಿಸಿದವರಿಗೆ ಸಂದರ್ಶನ. ಆಯ್ಕೆಯಾಗುವವರು ನಗರದ ಎಲ್ಲ ಮೂಲೆಗಳಿಂದ ಮಾತ್ರವಲ್ಲದೆ ನೆರೆಯ ನ್ಯೂಜೆರ್ಸಿ ಮತ್ತು ಕನೆಕ್ಟಿಕಟ್ ರಾಜ್ಯಗಳಿಂದಲೂ ಬರುತ್ತಾರೆ. ವಸತಿ ಸೌಕರ್ಯವಿಲ್ಲದ ಕಾರಣ ಹದಿನಾಲ್ಕರ ಹುಡುಗರು ದಿನವೂ ಬಸ್ಸು, ರೈಲು, ಸುರಂಗರೈಲುಗಳನ್ನು ಬದಲಾಯಿಸುತ್ತ, ಬಹುಮಂದಿ ಗಂಟೆಗೂ ಮಿಕ್ಕಿ ಪ್ರಯಾಣ ಮಾಡುತ್ತಾರೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಪಾಠ ಓದಿ ಮುಗಿಸಿದ ಮುಂಬಯಿಯ ಓದುಗರಿಗೆ ಈ ದಿನಚರಿಯನ್ನು ವಿವರಿಸಬೇಕಾಗಿಲ್ಲ.

ಕಟ್ಟಡದ ನಡುವೆ ಚೌಕಾಕಾರದ ತೆರೆದ ಅಂಗಳವಿದೆ. 'ಕ್ವಾಡ್' ಎಂದು ಕರೆಸಿಕೊಳ್ಳುವ ಈ ಅಂಗಳವೇ ಟೈ ಕಟ್ಟಿದ ಹುಡುಗರ ಭೇಟಿಯ ತಾಣ. ಮೆಟ್ರೋಪಾಲಿಟನ್ ಕಲಾ ವಸ್ತುಸಂಗ್ರಹಾಲಯ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿದೆ. ಶಾಲೆಯ ಭಾಷಣ ಮತ್ತು ಚರ್ಚಾ ಸಂಘ ಫಾದರ್ ಹರ್ನ್ ಅವರ ಹೆಸರಿನಲ್ಲೇ ಪ್ರಸಿದ್ಧ. ವಿದ್ಯಾರ್ಥಿಗಳ ಪತ್ರಿಕೆಯ ಹೆಸರು 'ಔಲ್', ಅಂದರೆ ಗೂಬೆ. ನಮ್ಮಲ್ಲಿ ಅಪಶಕುನವೆನಿಸುವ ಈ ಹಕ್ಕಿ ಗ್ರೀಕ್ ಪರಂಪರೆಯಲ್ಲಿ ಜ್ಞಾನದೇವತೆಯ ಸಂಗಾತಿ. ನಾಟಕ ತಂಡವೂ ಬಾಸ್ಕೆಟ್‌ಬಾಲ್ ಮೊದಲಾದ ಆಟಗಳೂ ಇವೆ. ತಪ್ಪು ಮಾಡಿದವನನ್ನು ತರಗತಿಯ ನಂತರ ಶಾಲೆಯಲ್ಲೇ ಉಳಿಸಿಕೊಳ್ಳುವ ಶಿಕ್ಷೆಗೆ ಅಮೇರಿಕದ ಇತರ ಜೆಸ್ವಿಟ್ ಶಾಲೆಗಳಂತೆ ಇಲ್ಲಿಯೂ 'ಜಗ್' ಎಂದು ಹೆಸರು. ನೊಗ ಎಂಬರ್ಥದ ಲ್ಯಾಟಿನ್ ಪದದಿಂದ ಇದು ಬಂದಿದೆ ಎನ್ನುತ್ತಾರೆ. 'ದೇವರ ಅಧೀನದ ನ್ಯಾಯ' ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳೆಂದು ಹುಡುಗರು ವಿನೋದವಾಗಿ ಬಿಡಿಸಿ ಹೇಳುವುದೂ ಉಂಟು.

ಪಾಠ, ಪ್ರಾರ್ಥನೆಗಳಷ್ಟೇ ಮಹತ್ವವನ್ನು ಸಮಾಜಸೇವೆಗೂ ಕೊಡಲಾಗುತ್ತದೆ. 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡಿದ ಸಭೆಯ ಮಹಾಶ್ರೇಷ್ಠರಾದ ಫಾದರ್ ಪೆದ್ರೋ ಅರುಪೆಯವರು, ಇತರರಿಗಾಗಿ ಬದುಕುವ ಮನುಷ್ಯರನ್ನು ರೂಪಿಸುವುದೇ ಜೆಸ್ವಿಟ್ ಶಿಕ್ಷಣದ ಗುರಿಯೆಂದು ಸಾರಿದರು. ಸುಖವಂತರ ಮಕ್ಕಳನ್ನು ಇನ್ನಷ್ಟು ಸುಖವಂತರನ್ನಾಗಿಸುವುದಕ್ಕಷ್ಟೇ ಶಾಲೆಗಳು ಸೀಮಿತವಾಗಿವೆಯೇ ಎಂಬ ಆತ್ಮಪರೀಕ್ಷೆಯೂ ಅದರಲ್ಲಿತ್ತು. ಆ ಭಾಷಣದ ಪರಿಣಾಮವನ್ನು ರೀಜಿಸ್ ಸೇರಿದಂತೆ ಎಲ್ಲ ಜೆಸ್ವಿಟ್ ಶಾಲೆಗಳಲ್ಲಿ ಕಾಣಬಹುದು.

ಇಬ್ಬರು ವಿದ್ಯಾರ್ಥಿಗಳು

ಕೊರೋನಾ ಕಾಲದಲ್ಲಿ ಜಗತ್ತಿಗೆಲ್ಲ ಪರಿಚಿತರಾದ ಡಾ. ಆಂಥನಿ ಫೌಚಿ 1958ರಲ್ಲಿ ರೀಜಿಸ್‌ನಿಂದ ತೇರ್ಗಡೆಯಾದವರು. ಬ್ರೂಕ್ಲಿನ್ನಿನಲ್ಲಿ ಔಷಧದ ಅಂಗಡಿಯಿಟ್ಟಿದ್ದ ಇಟಾಲಿಯನ್ ಮೂಲದ ಕುಟುಂಬದ ಮಗ. ದಿನವೂ ದೂರದ ಮ್ಯಾನ್‌ಹಟನ್‌ಗೆ ಪ್ರಯಾಣಿಸಿ, ಲ್ಯಾಟಿನ್ ಮತ್ತು ಗ್ರೀಕ್ ಕಲಿತು, ಎತ್ತರ ಕಡಿಮೆಯಿದ್ದರೂ ಬಾಸ್ಕೆಟ್‌ಬಾಲ್ ತಂಡದ ನಾಯಕನಾದ ಹುಡುಗ, ಮುಂದೆ 1984ರಿಂದ 2022ರವರೆಗೆ ಅಮೇರಿಕದ ರಾಷ್ಟ್ರೀಯ ಅಲರ್ಜಿ ಮತ್ತು ಸೋಂಕುರೋಗ ಸಂಸ್ಥೆಯ ನಿರ್ದೇಶಕನಾದದ್ದು ಈ ಶಾಲೆಯ ಹೆಮ್ಮೆ.

ಇನ್ನೊಬ್ಬರ ಕಥೆ ಬೇರೆ. ಪೀಟ್ ಹ್ಯಾಮಿಲ್ ಕೂಡ ಬ್ರೂಕ್ಲಿನ್ನಿನವರೇ. ಐರ್ಲೆಂಡಿನಿಂದ ವಲಸೆ ಬಂದ ದಂಪತಿಗಳ ಏಳು ಮಕ್ಕಳಲ್ಲಿ ಹಿರಿಯರು. 1949ರಲ್ಲಿ ರೀಜಿಸ್ ಸೇರಿದ ಅವರು ಹದಿನೈದರ ಹರೆಯದಲ್ಲೇ ಶಾಲೆ ತೊರೆದು ಬ್ರೂಕ್ಲಿನ್ನಿನ ನೌಕಾ ಕಾರ್ಖಾನೆಯಲ್ಲಿ ತಗಡಿನ ಕೆಲಸ ಕಲಿಯುವ ಹುಡುಗನಾಗಿ ಸೇರಿಕೊಂಡರು. ಶುಲ್ಕವಿಲ್ಲದ ಶಾಲೆಯೂ ಅವರನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ. ಹ್ಯಾಮಿಲ್ ಮುಂದೆ ಹೆಸರಾಂತ ಪತ್ರಕರ್ತರಾಗಿ, ಕಾದಂಬರಿಕಾರರಾಗಿ, ನ್ಯೂಯಾರ್ಕಿನ ಎರಡು ದೊಡ್ಡ ದೈನಿಕಗಳ ಸಂಪಾದಕರಾಗಿ ಬೆಳೆದರು. 2010ರಲ್ಲಿ, ಶಾಲೆ ಬಿಟ್ಟ 59 ವರ್ಷಗಳ ನಂತರ, ರೀಜಿಸ್ ಅವರಿಗೆ ಗೌರವ ಡಿಪ್ಲೊಮಾ ನೀಡಿತು. 2020ರಲ್ಲಿ ಅವರು ನಿಧನರಾದರು. ಹ್ಯಾಮಿಲ್ ಅವರಿಗೆ ಅಸಾಧಾರಣ ಪ್ರತಿಭೆಯಿತ್ತು, ಡಿಪ್ಲೊಮಾ ಅವರನ್ನು ಹುಡುಕಿಕೊಂಡು ಬಂತು. ಅರ್ಧಕ್ಕೆ ಓದು ನಿಲ್ಲಿಸುವ ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.

ಬಾಗಿಲಿನ ಈಚೆಯ ಕೆಲಸ

ಶುಲ್ಕವನ್ನು ತೆಗೆದುಹಾಕಿದರೂ ಪ್ರವೇಶ ಪರೀಕ್ಷೆ ಉಳಿಯುತ್ತದೆ. ಮನೆಯಲ್ಲಿ ಪುಸ್ತಕಗಳಿರುವ, ಉತ್ತಮ ಪ್ರಾಥಮಿಕ ಶಾಲೆಗೆ ಹೋದ ಹುಡುಗನೇ ಅದರಲ್ಲಿ ಮುಂದೆ ನಿಲ್ಲುವುದು ಸಹಜ. ಸ್ಥಾಪಕಿಯ ಮನಸ್ಸಿನಲ್ಲಿದ್ದ ಬಡ ಬಾಲಕ ಬಾಗಿಲವರೆಗೂ ಬಾರದೆ ಹೋಗಬಹುದು. ಈ ಕೊರತೆಯನ್ನು ನೀಗಲೆಂದು ಶಾಲೆ 2002ರಲ್ಲಿ 'ರೀಚ್' ಎಂಬ ಯೋಜನೆಯನ್ನು ಆರಂಭಿಸಿತು. ಕಡಿಮೆ ವರಮಾನದ ಕುಟುಂಬಗಳ ಪ್ರತಿಭಾವಂತ ಬಾಲಕರನ್ನು ಐದನೆಯ ತರಗತಿಯ ಹೊತ್ತಿಗೇ ಗುರುತಿಸಿ, ಬೇಸಿಗೆ ರಜೆಯಲ್ಲಿ ಮತ್ತು ಶನಿವಾರಗಳಲ್ಲಿ ವರ್ಷಗಟ್ಟಲೆ ಪಾಠ ಹೇಳಿ, ರೀಜಿಸ್ ಅಥವಾ ಬೇರೆ ಒಳ್ಳೆಯ ಕೆಥೋಲಿಕ್ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿವೇತನದೊಂದಿಗೆ ಸ್ಥಾನ ಪಡೆಯುವಂತೆ ಅಣಿಗೊಳಿಸುವುದು ಇದರ ಉದ್ದೇಶ. ಹುಡುಗ ತನ್ನ ಶಾಲೆಗೇ ಬರಬೇಕೆಂಬ ಹಟ ಇಲ್ಲದಿರುವುದು ಈ ಯೋಜನೆಯ ಘನತೆ.

ದೂರದ ದೇಶದ ಈ ಶಾಲೆಯಿಂದ ನಾವು ಗ್ರಹಿಸಬೇಕಾದ ಸಂಗತಿಯೂ ಇದರಲ್ಲೇ ಅಡಗಿದೆ. ಹೊರನಾಡಿನ ನಮ್ಮ ಸಂಘಗಳು ವರ್ಷಂಪ್ರತಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನಗಳನ್ನು ವಿತರಿಸುತ್ತವೆ. ಹೆಚ್ಚು ಅಂಕ ಗಳಿಸಿದವರು ವೇದಿಕೆಗೆ ಬರುತ್ತಾರೆ, ದಾನಿಗಳ ಹೆಸರು ಘೋಷಿತವಾಗುತ್ತದೆ. ಇದು ಸ್ತುತ್ಯರ್ಹವೇ. ಆದರೆ ಅಂಕ ಗಳಿಸುವ ಮುನ್ನವೇ ಹಿಂದುಳಿದ ಮಗು ವೇದಿಕೆಯತ್ತ ಬಾರದು. ಅದನ್ನು ಐದನೆಯ ತರಗತಿಯಲ್ಲೇ ಹುಡುಕಿಕೊಂಡು ಹೋಗಬೇಕು. ಹೆಸರು ಹೇಳದೆ ಕೊಟ್ಟ ಒಬ್ಬ ತಾಯಿಯ ದಾನವನ್ನು ಅದರ ಫಲ ಉಂಡವರು ನೂರು ವರ್ಷ ದಾಟಿಸಿದ್ದಾರೆ. ನಮ್ಮ ಸಂಘಗಳಿಂದ ನೆರವು ಪಡೆದು ಇಂದು ನೆಲೆನಿಂತಿರುವವರೂ ಒಂದು ಶನಿವಾರದ ಮಧ್ಯಾಹ್ನವನ್ನು ಅಂತಹ ಒಂದು ಮಗುವಿಗೆ ಮೀಸಲಿಟ್ಟರೆ, ಅದು ಕೂಡ ಶುಲ್ಕವಿಲ್ಲದ ಶಾಲೆಯೇ ಆಗುತ್ತದೆ.