ಇಳಿವಯಸ್ಸಿನ ಮಿದುಳಿನ ಹೆಚ್ಚುವರಿ ಚಟುವಟಿಕೆ: ನಷ್ಟಭರ್ತಿಯೋ, ಪೂರ್ವಾರ್ಜಿತವೋ?

ವಯಸ್ಸಾದಂತೆ ಯೋಚನೆಯ ವೇಗ ತಗ್ಗುತ್ತದೆ, ಹೊಸದಾಗಿ ಕಲಿತದ್ದು ಬೇಗ ಮರೆಯುತ್ತದೆ, ಶಬ್ದಸಂಪತ್ತು ಮಾತ್ರ ಬಹುಕಾಲ ಕುಗ್ಗದೆ ಉಳಿಯುತ್ತದೆ. ಮಿದುಳಿನ ಮುಂಭಾಗದ ತೊಗಟೆ ಮತ್ತು ಹಿಪೊಕ್ಯಾಂಪಸ್, ದೃಷ್ಟಿಗೆ ಮೀಸಲಾದ ಹಿಂಭಾಗಕ್ಕಿಂತ ಬೇಗ ಸೊರಗುತ್ತವೆ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ನಡುವೆಯೂ ಈ ಇಳಿತದಲ್ಲಿ ಬಹಳ ಅಂತರವಿರುತ್ತದೆ. ಇಷ್ಟರ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ತಕರಾರಿರುವುದು, ಕೆಲವು ವೃದ್ಧರ ಮಿದುಳಿನ ಮುಂಭಾಗ ತರುಣರದಕ್ಕಿಂತ ಹೆಚ್ಚು ಚುರುಕಾಗಿ ಕಾಣುವುದೇಕೆ ಎಂಬಲ್ಲಿ.

ಪೆಟ್ ಸ್ಕ್ಯಾನ್ ಬಳಸಿದ 2000ದ ಅಧ್ಯಯನದಲ್ಲಿ ಪೆಟ್ರೀಶಿಯಾ ರಾಯ್ಟರ್-ಲೊರೆನ್ಸ್ ಮತ್ತು ಸಂಗಡಿಗರು, ತರುಣರಲ್ಲಿ ಒಂದು ಮಗ್ಗುಲಿಗೆ ವಾಲುವ ಮುಂಭಾಗದ ಚಟುವಟಿಕೆ ವೃದ್ಧರಲ್ಲಿ ಎರಡೂ ಮಗ್ಗುಲಿಗೆ ಹರಡುವುದನ್ನು ತೋರಿಸಿದ್ದರು. ಎರಡು ವರ್ಷದ ಬಳಿಕ ರಾಬರ್ಟೊ ಕಬೇಸಾ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಅದೇ 2002ರಲ್ಲಿ ಅವರ ತಂಡ ವೃದ್ಧರನ್ನು ನೆನಪಿನ ಶಕ್ತಿ ಚೆನ್ನಾಗಿರುವವರು, ಕುಂದಿರುವವರು ಎಂದು ಎರಡಾಗಿ ವಿಂಗಡಿಸಿ ನೋಡಿತು. ಕುಂದಿದವರ ಚಿತ್ರ ತರುಣರದರಂತೆಯೇ ಇತ್ತು. ಎರಡೂ ಮಗ್ಗುಲನ್ನು ದುಡಿಸಿಕೊಂಡವರು ನೆನಪು ಗಟ್ಟಿಯಿದ್ದವರೇ. ಒಂದು ಎತ್ತು ಸೋತಾಗ ಇನ್ನೊಂದು ನೊಗಕ್ಕೆ ಹೆಗಲು ಕೊಡುವಂತೆ, ಕ್ಷೀಣಿಸಿದ ಮಿದುಳು ಮತ್ತೊಂದು ಮಗ್ಗುಲಿನ ನೆರವಿನಿಂದ ತನ್ನ ನಷ್ಟವನ್ನು ತುಂಬಿಕೊಳ್ಳುತ್ತದೆ ಎಂಬ ವ್ಯಾಖ್ಯಾನ ಇದರಿಂದ ಹುಟ್ಟಿತು. ಡೆನಿಸ್ ಪಾರ್ಕ್ ಮತ್ತು ರಾಯ್ಟರ್-ಲೊರೆನ್ಸ್ 2009ರಲ್ಲಿ ಮಂಡಿಸಿದ ಆಸರೆ-ಸಿದ್ಧಾಂತವೂ ಇದೇ ತಳಹದಿಯ ಮೇಲೆ ನಿಂತಿದೆ.

ಈ ವ್ಯಾಖ್ಯಾನವನ್ನು ನಾನು ಒಪ್ಪುವುದಿಲ್ಲ. ದತ್ತಾಂಶ ತಪ್ಪೆಂದಲ್ಲ; ಅದರಿಂದ ತೆಗೆದ ತೀರ್ಮಾನವನ್ನು ಅದು ಹೊರಲಾರದು. ನಷ್ಟ ತುಂಬಿಕೊಳ್ಳುವ ಅಗತ್ಯ ಹೆಚ್ಚಿರಬೇಕಾದ್ದು ನಷ್ಟ ಹೆಚ್ಚಾದವರಿಗೆ. ಹೆಚ್ಚುವರಿ ಚಟುವಟಿಕೆ ಕಂಡದ್ದು ಅದರ ಅಗತ್ಯ ಕಡಿಮೆಯಿದ್ದಂತೆ ತೋರುವವರಲ್ಲಿ. ಇದಕ್ಕೆ ಸಿಗುವ ಸಿದ್ಧ ಉತ್ತರ, ಅವರು ಚೆನ್ನಾಗಿರುವುದೇ ಆ ಚಟುವಟಿಕೆಯ ಫಲವೆಂಬುದು. ಆದರೆ ಬೇರೆ ಪ್ರಯೋಗಗಳಲ್ಲಿ ಚಟುವಟಿಕೆ ಹೆಚ್ಚಿದ್ದೂ ಸಾಧನೆ ಕುಂದಿದ್ದಾಗ ಅದನ್ನು ‘ವಿಫಲ ಪ್ರಯತ್ನ’ ಎಂದು ಅದೇ ಖಾತೆಗೆ ಜಮಾ ಮಾಡಿದ್ದುಂಟು. ಗೆದ್ದರೂ ತನ್ನದು, ಸೋತರೂ ತನ್ನದು ಎನ್ನುವ ಊಹೆಯನ್ನು ಪರೀಕ್ಷೆಗೆ ಒಡ್ಡುವುದಾದರೂ ಹೇಗೆ?

ಇನ್ನೊಂದು ತೊಡಕು ಹೋಲಿಕೆಯ ಕ್ರಮದ್ದು. ಇಂದಿನ ತರುಣರನ್ನು ಇಂದಿನ ವೃದ್ಧರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆಯೇ ಹೊರತು ಬದಲಾವಣೆ ಕಾಣುವುದಿಲ್ಲ. ಸ್ವೀಡನ್ನಿನ ಊಮಿಯೊದಲ್ಲಿ 1988ರಲ್ಲಿ ಆರಂಭವಾದ ಬೆಟುಲಾ ಯೋಜನೆಯ ಮಹತ್ವ ಇಲ್ಲಿದೆ. ಲಾರ್ಸ್ ನ್ಯೂಬರ್ಗ್ ತಂಡ 2010ರಲ್ಲಿ ಅದರ ದತ್ತಾಂಶವನ್ನು ಎರಡು ಬಗೆಯಲ್ಲಿ ವಿಶ್ಲೇಷಿಸಿತು. ವಯಸ್ಸುಗಳನ್ನು ಒಂದೇ ಕಾಲಕ್ಕೆ ಹೋಲಿಸಿದಾಗ ವೃದ್ಧರ ಮುಂಭಾಗದ ಚಟುವಟಿಕೆ ಹೆಚ್ಚೆಂದು ಕಂಡಿತು. ಅದೇ ಜನರನ್ನು ಆರು ವರ್ಷಗಳ ಅಂತರದಲ್ಲಿ ಮತ್ತೆ ಸ್ಕ್ಯಾನ್ ಮಾಡಿ ನೋಡಿದಾಗ ಚಟುವಟಿಕೆ ಇಳಿದಿತ್ತು. ಮೊದಲ ವಿಶ್ಲೇಷಣೆಯ ‘ಹೆಚ್ಚಳ’ ಬಂದದ್ದು ವೃದ್ಧರ ಗುಂಪು ಆಯ್ದ ಜನರದಾಗಿದ್ದುದರಿಂದ ಎಂದು ಅವರು ತೋರಿಸಿದರು.

ನನ್ನ ಪ್ರತಿಪಾದನೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಬೇಸಾ ಕಂಡ ಗಟ್ಟಿ ನೆನಪಿನ ವೃದ್ಧರ ಹೆಚ್ಚುವರಿ ಚಟುವಟಿಕೆಯ ಬಹುಪಾಲು ಮುಪ್ಪಿನಲ್ಲಿ ಗಳಿಸಿದ್ದಲ್ಲ, ಅವರು ನಡುವಯಸ್ಸಿಗೆ ಮೊದಲಿನಿಂದಲೂ ಹೊತ್ತು ಬಂದದ್ದಿರಬೇಕು. ಹೀಗೆನ್ನುವಾಗ ಕೆಲವು ಮಿತಿಗಳನ್ನು ಒಪ್ಪಿಕೊಳ್ಳಲೇಬೇಕು. ಬೆಟುಲಾದಲ್ಲಿ ಕೊಟ್ಟ ಕೆಲಸ ಪದಗಳ ಅರ್ಥವರ್ಗೀಕರಣ. ಕಬೇಸಾ ಅಳೆದದ್ದು ಕಲಿತದ್ದರ ಸ್ಮರಣೆ. ಬೆಟುಲಾದಲ್ಲಿ ಇಳಿದದ್ದು ಮುಂಭಾಗದ ಚಟುವಟಿಕೆಯ ಪ್ರಮಾಣ. ಎಡಬಲಗಳ ಸಮತೋಲ ಬೇರೆಯೇ ಪ್ರಶ್ನೆ. ಮೊದಲ ಸ್ಕ್ಯಾನಿಗೆ ಮುಂಚೆ, ಐವತ್ತರ ಆಸುಪಾಸಿನಲ್ಲಿ, ಚಟುವಟಿಕೆ ಒಮ್ಮೆ ಏರಿ ಆಮೇಲೆ ಇಳಿದಿದ್ದರೆ ಆರು ವರ್ಷದ ಕಿಟಕಿಗೆ ಇಳಿತ ಮಾತ್ರ ಕಾಣುತ್ತದೆ. ಹಾಗಾದ ಪಕ್ಷದಲ್ಲಿ ನನ್ನ ವಾದ ಅರ್ಧ ಬೀಳುತ್ತದೆ.

ಹೆಚ್ಚಳವೆಲ್ಲ ಉಪಯುಕ್ತವಲ್ಲ ಎಂಬುದಕ್ಕೆ ಮಾತ್ರ ಈಗ ಗಟ್ಟಿ ಆಧಾರವಿದೆ. ಅಲೆಕ್ಸಾ ಮೊರ್ಕಮ್ ಮತ್ತು ರಿಚರ್ಡ್ ಹೆನ್ಸನ್ 2018ರಲ್ಲಿ ಕೇಂಬ್ರಿಜ್‌ನ 123 ಮತ್ತು 115 ಜನರ ಎರಡು ಎಫ್‌ಎಂಆರ್‌ಐ ದತ್ತಾಂಶಗಳನ್ನು ಪರಿಶೀಲಿಸಿದರು. ವಯಸ್ಸಿನೊಂದಿಗೆ ಮುಂಭಾಗದ ಸರಾಸರಿ ಚಟುವಟಿಕೆ ಏರಿದ್ದು ನಿಜ; ಆ ಏರಿಕೆಯಲ್ಲಿ ಹೆಚ್ಚಿನ ಮಾಹಿತಿ ಇರಲಿಲ್ಲ. ಹೆಚ್ಚು ಸದ್ದು, ಅಷ್ಟೇ ಸುದ್ದಿ.

ಎದುರು ಪಕ್ಷದ ಸಾಕ್ಷ್ಯವನ್ನೂ ಬದಿಗೆ ತಳ್ಳುವಂತಿಲ್ಲ. ಸಿಮೊನೆ ರೊಸ್ಸಿ ತಂಡ 2004ರಲ್ಲಿ ತಲೆಯ ಹೊರಗಿನಿಂದ ಕಾಂತೀಯ ಮಿಡಿತಗಳನ್ನು ಹಾಯಿಸಿ ಮುಂಭಾಗದ ಕೆಲಸಕ್ಕೆ ಕ್ಷಣಕಾಲ ಅಡ್ಡಿಮಾಡಿತು. ತರುಣರ ಸ್ಮರಣೆ ಬಲಮಗ್ಗುಲಿಗೆ ಅಡ್ಡಿಯಾದಾಗ ಹೆಚ್ಚು ಕೆಟ್ಟಿತು. ವಯಸ್ಸಾದವರಲ್ಲಿ ಈ ಭೇದ ಮಾಯವಾಗಿತ್ತು. ಅಂದರೆ ಎರಡೂ ಮಗ್ಗುಲು ನಿಜಕ್ಕೂ ದುಡಿಯುತ್ತಿದ್ದಿರಬಹುದು. ಆ ದುಡಿಮೆ ಯಾವಾಗ ಶುರುವಾಯಿತು ಎಂಬುದನ್ನು ಈ ಪ್ರಯೋಗ ಹೇಳಲಾರದು ಎಂಬುದಷ್ಟೇ ನನ್ನ ಆಕ್ಷೇಪ. ಕೇಂಬ್ರಿಜ್‌ನ ದತ್ತಾಂಶವನ್ನೇ ಬಳಸಿದ 2024ರ ಅಧ್ಯಯನ ಇನ್ನೂ ಕುತೂಹಲಕರ. ಮೊರ್ಕಮ್ ಮತ್ತು ಹೆನ್ಸನ್ ಅವರೂ ಪಾಲ್ಗೊಂಡ ಆ ತಂಡಕ್ಕೆ, ತರ್ಕದ ಒಗಟು ಬಿಡಿಸುವಾಗ ನಷ್ಟಭರ್ತಿಯ ಕಠಿಣ ಪರೀಕ್ಷೆ ದಾಟಿದ ಒಂದು ಭಾಗ ಸಿಕ್ಕಿತು. ಅದು ಇದ್ದದ್ದು ಎಲ್ಲರೂ ಹುಡುಕುತ್ತಿದ್ದ ಮುಂಭಾಗದಲ್ಲಲ್ಲ, ತಲೆಯ ಹಿಂಬದಿಯ ಕ್ಯೂನಿಯಸ್‌ನಲ್ಲಿ!

ಇನ್ನೊಂದು ಆಕ್ಷೇಪ ನನ್ನ ಆಧಾರದ ಬುಡಕ್ಕೇ ಬರುತ್ತದೆ. ಎಫ್‌ಎಂಆರ್‌ಐ ಅಳೆಯುವುದು ನರಕೋಶಗಳ ಚಟುವಟಿಕೆಯನ್ನಲ್ಲ, ಅದರ ಬೆನ್ನಿಗೆ ಬರುವ ರಕ್ತದ ಆಮ್ಲಜನಕದ ಏರಿಳಿತವನ್ನು. ರಕ್ತನಾಳಗಳಿಗೂ ವಯಸ್ಸಾಗುತ್ತದೆ, ಬೆಟುಲಾದ ಇಳಿತ ಭಾಗಶಃ ನಾಳಗಳದ್ದೇ ಆಗಿದ್ದರೆ? ಈ ಗೋಜಲಿನಿಂದ ದೂರವಿರುವ ಸಾಕ್ಷ್ಯ ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ 2020ರಲ್ಲಿ 50ರಿಂದ 88 ವರ್ಷದವರ ಇಇಜಿ ಅಧ್ಯಯನ ಪ್ರಕಟಿಸಿತು. ಪಟ್ಟೆಪಟ್ಟೆಯ ಚಿತ್ರ ನೋಡುವಾಗ ಏಳುವ ಗಾಮಾ ಅಲೆಗಳ ಬಲ ಆರೋಗ್ಯವಂತರಲ್ಲೂ ವಯಸ್ಸಿನೊಂದಿಗೆ ಕುಗ್ಗಿತ್ತು. ಆಲ್ಫಾ ಅಲೆಗಳದು ಕುಗ್ಗಿರಲಿಲ್ಲ. ವಿದ್ಯುತ್ ಸಂಕೇತವನ್ನು ನೇರವಾಗಿ ಅಳೆದ ಈ ಫಲಿತಾಂಶವನ್ನು ನಾಳಗಳ ತಲೆಗೆ ಕಟ್ಟಲಾಗದು. ಹಾಗೆಂದು ಅದನ್ನು ನನ್ನ ಪಕ್ಷಕ್ಕೆ ಪೂರ್ತಿ ಎಳೆದುಕೊಳ್ಳುವಂತೆಯೂ ಇಲ್ಲ. ಅದು ದೃಷ್ಟಿಭಾಗದ ಮಾತು, ಮುಂಭಾಗದ್ದಲ್ಲ. ಮೇಲಾಗಿ ಬೇರೆ ಬೇರೆ ವಯಸ್ಸಿನವರನ್ನು ಒಮ್ಮೆಲೇ ಹೋಲಿಸಿದ ಅಧ್ಯಯನವದು. ಕಬೇಸಾ ಅವರ ಮೇಲೆ ನಾನು ಹೂಡಿದ ಆಕ್ಷೇಪ ಇದಕ್ಕೂ ತಗಲುತ್ತದೆ.

ಉಳಿದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಶಿಕ್ಷಣದ್ದು. ಮೇಲೆ ಹೆಸರಿಸಿದ ಪಾಶ್ಚಾತ್ಯ ಅಧ್ಯಯನಗಳಲ್ಲಿ ಭಾಗವಹಿಸಿದವರು ಬಹುಮಟ್ಟಿಗೆ ಓದುಬರಹ ಬಲ್ಲವರು. ಗಟ್ಟಿ ನೆನಪಿಗೂ ಎರಡು ಮಗ್ಗುಲಿನ ಚಟುವಟಿಕೆಗೂ ಇರುವ ನಂಟು ಶಾಲೆಯ ವರ್ಷಗಳಿಂದ ಬಂದದ್ದೋ ಎಂಬುದನ್ನು ಅವರಲ್ಲಿ ಬಿಡಿಸಿ ನೋಡುವುದು ಕಷ್ಟ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಗ್ರಾಮೀಣರನ್ನು ದೀರ್ಘಕಾಲ ಅಭ್ಯಸಿಸುವ ಗುರಿಯಿಟ್ಟುಕೊಂಡ ಯೋಜನೆಯನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಶಾಲೆಯ ಮೆಟ್ಟಿಲು ಹತ್ತದೆಯೂ ನೆನಪು ಗಟ್ಟಿ ಉಳಿಸಿಕೊಂಡವರು ಇಂಥ ಹಳ್ಳಿಗಳಲ್ಲಿ ಸಿಗುತ್ತಾರೆ. ಅವರ ಮಿದುಳಿನಲ್ಲಿ ಈ ಹೆಚ್ಚುವರಿ ಚಟುವಟಿಕೆ ನಲವತ್ತೈದರಲ್ಲೇ ಕಂಡರೆ ನನ್ನ ವಾದಕ್ಕೆ ಬಲ ಬರುತ್ತದೆ; ಅರವತ್ತರ ನಂತರವಷ್ಟೇ ತಲೆದೋರಿದರೆ ಕಬೇಸಾ ಅವರ ಮಾತನ್ನು ಮತ್ತೆ ಪರಿಗಣಿಸಬೇಕಾಗುತ್ತದೆ.